ಹಿತ್ತಲ ಹುಂಜದ ಕಾಲಿನ ಮುಳ್ಳು

ಹುಂಜ ಅಟ್ಟಿಸಿಕೊಂಡು ಬಂದಿತೆಂದು ಯಾರಾದರೂ ಹೇಳಿದರೆ ನಮಗೆ ಮೊದಲು ಬರುವುದು ನಗು. ಹುಲಿ ಅಟ್ಟಿಸಿಕೊಂಡು ಬಂದಿತೆಂದರೆ ಊರೆಲ್ಲ ಬಾಯಿ ತೆರೆದು ಕೇಳುತ್ತದೆ; ನಾಯಿ ಎಂದರೆ, ಕಚ್ಚಿತೇ, ಚುಚ್ಚುಮದ್ದು ಹಾಕಿಸಿದಿರಾ ಎಂದು ಕಾಳಜಿಯಿಂದ ವಿಚಾರಿಸುತ್ತದೆ. ಆದರೆ ಪಂಚೆ ಎತ್ತಿಕಟ್ಟಿ ಹಿತ್ತಲಿನಿಂದ ಓಡಿಬಂದವರ ಬೆನ್ನ ಹಿಂದೆ ಇದ್ದದ್ದು ಒಂದು ಹುಂಜವೆಂದು ತಿಳಿದರೆ, ಅವರು ಬದುಕಿರುವವರೆಗೂ ಹಬ್ಬಹುಣ್ಣಿಮೆಗೆ ಸೇರಿದಾಗಲೆಲ್ಲ ಆ ಮಾತನ್ನು ತೆಗೆದು ನಗುವ ನೆಂಟರು ಇದ್ದೇ ಇರುತ್ತಾರೆ. ಹುಂಜವೆಂದರೆ ನಮಗೆ ಬೆಳಗಿನ ಗಡಿಯಾರ. ನೀವು ರೇಡಿಯೋದ ಗುಂಡಿ ತಿರುಗಿಸುವ ಮೊದಲೇ ಅದು ತನ್ನ ಕಾರ್ಯಕ್ರಮವನ್ನು ಆರಂಭಿಸಿರುತ್ತದೆ. ತನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗಾಗದೆಂದು ನಂಬಿದ್ದ ಅಜ್ಜಿಯ ಕಥೆಯನ್ನು ನಾವೆಲ್ಲರೂ ಕೇಳಿದವರೇ. ಆ ಅಜ್ಜಿಯ ಕೋಳಿಯ ಎರಡು ಕಾಲಿಗೂ ಒಂದೊಂದು ಬಾಕು ಕಟ್ಟಿದ ಹಾಗೆ ಇತ್ತೆಂಬುದನ್ನು ಮಾತ್ರ ಕಥೆ ಹೇಳಿದವರು ಯಾರೂ ಹೇಳಲಿಲ್ಲ.

ನಗುವ ಮೊದಲು ಒಂದು ಪ್ರಸಂಗವನ್ನು ಕೇಳಿ. ೨೦೧೯ರಲ್ಲಿ ನ್ಯಾಯವೈದ್ಯಕ್ಕೆ ಸಂಬಂಧಿಸಿದ ಒಂದು ಪತ್ರಿಕೆಯಲ್ಲಿ ದಕ್ಷಿಣ ಆಸ್ಟ್ರೇಲಿಯದ ವೈದ್ಯರು ಒಂದು ಸಾವಿನ ವಿವರವನ್ನು ಪ್ರಕಟಿಸಿದರು. ೭೬ ವರ್ಷ ವಯಸ್ಸಿನ ಒಬ್ಬ ವೃದ್ಧೆ ತಮ್ಮ ಮನೆಯ ಹಿತ್ತಲಿನಲ್ಲಿ ಮೊಟ್ಟೆ ಆರಿಸಿಕೊಳ್ಳಲು ಹೋಗಿದ್ದರು. ಹುಂಜ ಬಂದು ಅವರ ಕಾಲಿನ ಕೆಳಭಾಗಕ್ಕೆ ಕುಕ್ಕಿತು. ಗಾಯವೆಂದರೆ ಎರಡು ಸಣ್ಣ ಗಾಯಗಳು, ಅಷ್ಟೆ. ಆದರೆ ಆಕೆಗೆ ಕಾಲಿನ ರಕ್ತನಾಳಗಳು ಉಬ್ಬಿ ಗಂಟುಗಂಟಾಗುವ ತೊಂದರೆ ಇತ್ತು. ಕೊಕ್ಕು ಆ ಉಬ್ಬಿದ ನಾಳಕ್ಕೇ ತಗುಲಿತು. ರಕ್ತ ಹರಿಯತೊಡಗಿತು, ನಿಲ್ಲಲಿಲ್ಲ, ಆಕೆ ತೀರಿಕೊಂಡರು.

ಇದು ಹೇಗೆ ಸಾಧ್ಯವೆಂದು ನೀವು ಕೇಳಬಹುದು. ನಿಂತಿರುವ ಮನುಷ್ಯನ ಹೃದಯಕ್ಕೂ ಹಿಮ್ಮಡಿಗೂ ನಡುವೆ ನಾಲ್ಕು ಅಡಿ ಎತ್ತರದ ರಕ್ತದ ಕಂಬವಿದೆ ಎಂದು ಭಾವಿಸಿಕೊಳ್ಳಿ. ರಕ್ತವನ್ನು ಮೇಲಕ್ಕೆ ಒಯ್ಯುವ ನಾಳಗಳಲ್ಲಿ ಅದು ಕೆಳಗೆ ಜಾರದಂತೆ ತಡೆಯುವ ಸಣ್ಣ ಕವಾಟಗಳು ಇರುತ್ತವೆ. ವಯಸ್ಸಾದ ಮೇಲೆ, ಅಥವಾ ಬಹುಕಾಲ ನಿಂತೇ ದುಡಿದವರಲ್ಲಿ, ಈ ಕವಾಟಗಳು ಸಡಿಲವಾಗಿ ಇಡೀ ಕಂಬದ ಭಾರ ಕೆಳಗಿನ ನಾಳದ ಮೇಲೆ ಬೀಳುತ್ತದೆ. ನಾಳ ಉಬ್ಬಿ, ಮೇಲಿನ ಚರ್ಮ ಕಾಗದದಷ್ಟು ತೆಳುವಾಗುತ್ತದೆ. ಅಲ್ಲಿ ಒಂದು ತೂತು ಬಿದ್ದರೆ ಕೊಡದ ತಳಕ್ಕೆ ತೂತು ಬಿದ್ದಂತೆಯೇ. ಆದರೆ ಕೊಡಕ್ಕಿಲ್ಲದ ಒಂದು ಅನುಕೂಲ ಕಾಲಿಗೆ ಉಂಟು. ಮಲಗಿ, ಕಾಲನ್ನು ಹೃದಯಕ್ಕಿಂತ ಎತ್ತರಕ್ಕೆ ಏರಿಸಿ, ಮಡಿಸಿದ ಶುಭ್ರವಾದ ಬಟ್ಟೆಯಿಂದ ಗಾಯವನ್ನು ಬಲವಾಗಿ ಒತ್ತಿಹಿಡಿದರೆ ಈ ಬಗೆಯ ರಕ್ತಸ್ರಾವ ಸಾಮಾನ್ಯವಾಗಿ ನಿಲ್ಲುತ್ತದೆ. ಗಾಬರಿಯಿಂದ ಎದ್ದು ನಿಂತು, ಬಚ್ಚಲಿಗೆ ನಡೆದು, ನೀರು ಹುಯ್ದುಕೊಳ್ಳುತ್ತ ನಿಂತರೆ ನಿಲ್ಲುವುದಿಲ್ಲ. ನಿಮ್ಮ ಮನೆಯಲ್ಲಿ ಕೋಳಿಯೂ ಇದ್ದು, ಕಾಲಿನಲ್ಲಿ ನೀಲಿ ಗಂಟುಗಳಿರುವ ಹಿರಿಯರೂ ಇದ್ದರೆ, ಮುಂದಿನ ಇತಿಹಾಸವನ್ನು ಓದದಿದ್ದರೂ ಚಿಂತೆಯಿಲ್ಲ, ಈ ಒಂದು ಮಾತನ್ನು ಅವರಿಗೆ ತಿಳಿಸಿ.

ಇನ್ನು ಇತಿಹಾಸಕ್ಕೆ ಬರೋಣ. ಹುಂಜ ನಮ್ಮ ಹಿತ್ತಲಿಗೆ ಬಂದದ್ದು ಕಾಡಿನಿಂದ. ಆಗ್ನೇಯ ಏಷ್ಯದ ಬಿದಿರುಮೆಳೆಗಳಲ್ಲಿ ಇಂದಿಗೂ ಇರುವ ಕೆಂಪು ಕಾಡುಕೋಳಿಯೇ ಅದರ ಮೂಲ ಪುರುಷ. ೨೦೨೨ರಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ, ಸಾಕಿದ ಕೋಳಿಯದೆಂದು ಹೇಳಬಹುದಾದ ಅತ್ಯಂತ ಹಳೆಯ ಮೂಳೆಗಳು ದೊರೆತಿರುವುದು ಥಾಯ್ಲೆಂಡಿನ ಬಾನ್ ನಾನ್ ವಾಟ್ ಎಂಬಲ್ಲಿ. ಅವುಗಳ ಕಾಲ ಕ್ರಿ.ಪೂ. ೧೬೫೦ರಿಂದ ೧೨೫೦ರ ನಡುವೆ. ಬತ್ತ, ಸಿರಿಧಾನ್ಯ ಬೆಳೆಯಲಾರಂಭಿಸಿದ ಜನರ ಕಣಗಳಲ್ಲಿ ಚೆಲ್ಲಿದ ಕಾಳಿಗಾಗಿ ಕಾಡುಕೋಳಿ ಮರದಿಂದ ಇಳಿದು ಬಂದಿತೆಂದು ಆ ವಿದ್ವಾಂಸರ ಊಹೆ. ನಾವು ಅದನ್ನು ಹಿಡಿದು ತಂದೆವು ಎನ್ನುವುದಕ್ಕಿಂತ ಅದೇ ನಮ್ಮನ್ನು ಹುಡುಕಿಕೊಂಡು ಬಂದಿತು ಎನ್ನುವುದು ಸರಿಯೇನೋ. ಈ ವಂಶಾವಳಿಯಲ್ಲಿ ನಮ್ಮ ಸೀಮೆಯ ಪಾಲೂ ಇದೆ. ಸಹ್ಯಾದ್ರಿಯ ಕಾಡುಗಳಲ್ಲಿ ಕೂಗುವ ಬೂದುಬಣ್ಣದ ಕಾಡುಕೋಳಿಯನ್ನು ಮಲೆನಾಡಿನ ಓದುಗರು ಬಲ್ಲರು. ನಾಟಿಕೋಳಿಯ ಕಾಲಿಗೂ ಚರ್ಮಕ್ಕೂ ಇರುವ ಹಳದಿ ಬಣ್ಣ ಕೆಂಪು ಕಾಡುಕೋಳಿಯಿಂದ ಬಂದದ್ದಲ್ಲ, ಈ ಬೂದು ಕಾಡುಕೋಳಿಯಿಂದ ಬಂದದ್ದು ಎಂದು ೨೦೦೮ರಲ್ಲಿ ವಂಶವಾಹಿನಿಯ ಪರೀಕ್ಷೆಯಿಂದ ತಿಳಿದುಬಂದಿತು. ನಿಮ್ಮ ಹುಂಜದ ಕಾಲು ಹಳದಿಯಾಗಿದ್ದರೆ ಆ ಬಣ್ಣದ ತವರು ನಮ್ಮ ಪಶ್ಚಿಮಘಟ್ಟದ ಸೀಮೆಯೇ.

ಕಾಡಿನ ಹುಂಜದ ತೂಕ ಸುಮಾರು ಒಂದು ಕಿಲೋ. ಅಷ್ಟು ಚಿಕ್ಕ ಜೀವ ತನ್ನ ಹೇಟೆಗಳನ್ನು ಮತ್ತೊಂದು ಹುಂಜದಿಂದ, ಹಾವಿನಿಂದ, ಮುಂಗುಸಿಯಿಂದ ಕಾಯಬೇಕು. ಅದಕ್ಕೆಂದೇ ಪ್ರಕೃತಿ ಅದರ ಕಾಲಿನ ಒಳಮಗ್ಗುಲಿಗೆ ಒಂದು ಮುಳ್ಳನ್ನು ಕೊಟ್ಟಿದೆ. ಇದು ಉಗುರಲ್ಲ; ಬೆರಳುಗಳ ಉಗುರು ಬೇರೆ, ಇದು ಬೇರೆ. ಮರಿಯಾಗಿದ್ದಾಗ ಕಾಳಿನಷ್ಟು ಗಾತ್ರದ ಒಂದು ಗುಬುಟು ಇರುತ್ತದೆ. ವಯಸ್ಸಾದಂತೆ ಅದರೊಳಗೆ ಮೂಳೆ ಬೆಳೆದು ಕಾಲಿನ ಮೂಳೆಗೇ ಬೆಸೆದುಕೊಳ್ಳುತ್ತದೆ. ಅದರ ಮೇಲೆ ಹಸುವಿನ ಕೊಂಬಿನ ಹಾಗೆ ಗಟ್ಟಿಯಾದ ಹೊದಿಕೆ ಬೆಳೆಯುತ್ತದೆ. ವರ್ಷದ ಹುಂಜಕ್ಕೆ ಮೊಂಡಾದ ಮೊಳೆಯಂತಿರುವ ಈ ಮುಳ್ಳು ಮೂರು ನಾಲ್ಕು ವರ್ಷವಾಗುವಷ್ಟರಲ್ಲಿ ಅಂಗುಲ ಮೀರಿ ಬೆಳೆದು, ತುದಿ ಚೂಪಾಗಿ, ಮೇಲಕ್ಕೆ ಬಾಗುತ್ತದೆ. ಹೊಡೆಯುವಾಗ ಹುಂಜ ಕೊಕ್ಕಿನಿಂದ ಹೊಡೆಯುವುದು ಕಡಿಮೆ. ನೆಲದಿಂದ ಚಿಮ್ಮಿ, ರೆಕ್ಕೆ ಬಡಿದು ಗಾಳಿಯಲ್ಲಿ ನಿಂತು, ಎರಡು ಕಾಲನ್ನೂ ಮುಂದಕ್ಕೆ ಚಾಚಿ ಒಮ್ಮೆಗೇ ಬಡಿಯುತ್ತದೆ. ಆ ಚಿಮ್ಮುವಿಕೆಯ ಎತ್ತರ ಎರಡಡಿ, ಎರಡೂವರೆ ಅಡಿ ಎಂದಿಟ್ಟುಕೊಳ್ಳಿ. ದೊಡ್ಡವರಿಗೆ ಅದು ಮೊಣಕಾಲು, ತೊಡೆ. ಅಂಬೆಗಾಲು ಬಿಟ್ಟು ಈಗ ತಾನೇ ನಡೆಯಲು ಕಲಿತ ಮಗುವಿಗೆ ಅದು ಮುಖ. ಒಂದೇ ಹುಂಜ, ಒಂದೇ ನೆಗೆತ. ಅಪ್ಪನಿಗೆ ಕಾಲಿನ ಗೀರು, ಮಗುವಿಗೆ ಕಣ್ಣಿನ ಗಂಡಾಂತರ. ಕೂದಲೆಳೆಯಲ್ಲಿ ತಪ್ಪಿತು ಎಂದು ಮನೆಗಳಲ್ಲಿ ಹೇಳಿಕೊಳ್ಳುವ ಕೋಳಿಯ ಪ್ರಸಂಗಗಳಲ್ಲಿ ಹೆಚ್ಚಿನವು ಈ ಎತ್ತರದ ಲೆಕ್ಕದವೇ.

ಈ ಆಯುಧವನ್ನು ಹಿಂದಿನವರು ನಮಗಿಂತ ಚೆನ್ನಾಗಿ ಗಮನಿಸಿದ್ದರು. ಹುಂಜ ಗ್ರೀಸ್ ದೇಶಕ್ಕೆ ಪರ್ಷಿಯದ ದಾರಿಯಾಗಿ ಬಂದದ್ದರಿಂದ ಗ್ರೀಕರು ಅದನ್ನು ಪರ್ಷಿಯದ ಹಕ್ಕಿ ಎಂದೂ ಕರೆಯುತ್ತಿದ್ದರು. ಅವರ ಹಾಸ್ಯ ನಾಟಕಕಾರ ಅರಿಸ್ಟೊಫನೀಸ್ ಕ್ರಿ.ಪೂ. ೪೧೪ರಲ್ಲಿ ಆಡಿಸಿದ ‘ಹಕ್ಕಿಗಳು’ ಎಂಬ ನಾಟಕದಲ್ಲಿ ಹಕ್ಕಿಗಳ ರಾಜ್ಯಕ್ಕೆ ಒಬ್ಬ ಪಡ್ಡೆ ಹುಡುಗ ಬರುತ್ತಾನೆ. ಅವನಿಗೆ ತನ್ನ ತಂದೆಯನ್ನು ಹೊಡೆಯುವ ಆಸೆ. ಮರಿಹುಂಜ ಅಪ್ಪನಿಗೆ ಎದುರು ನಿಂತರೆ ಹಕ್ಕಿಗಳಲ್ಲಿ ಅದು ಶೌರ್ಯವಂತೆ, ಆದ್ದರಿಂದ ತನಗೆ ಹಕ್ಕಿಗಳ ಕಾನೂನೇ ಒಪ್ಪಿಗೆ ಎನ್ನುತ್ತಾನೆ. ಅಲ್ಲಿಯ ಮುಖಂಡ ಅವನಿಗೆ ಗುರಾಣಿಯಾಗಿ ಒಂದು ರೆಕ್ಕೆ, ಶಿರಸ್ತ್ರಾಣವಾಗಿ ಹುಂಜದ ಜುಟ್ಟು, ಕತ್ತಿಯಾಗಿ ಹುಂಜದ ಕಾಲಿನ ಮುಳ್ಳು ಕೊಟ್ಟು, ಅಪ್ಪನನ್ನು ಬಿಟ್ಟು ಗಡಿಗೆ ಹೋಗಿ ಶತ್ರುಗಳೊಡನೆ ಕಾದಾಡೆಂದು ಸಾಗಹಾಕುತ್ತಾನೆ. ನೋಡುಗರು ನಕ್ಕಿರಬೇಕು. ಮುಳ್ಳು ಎಂದರೆ ಕತ್ತಿ ಎಂಬುದು ಅವರಿಗೆ ವಿವರಿಸಬೇಕಾದ ಮಾತಾಗಿರಲಿಲ್ಲ. ಅದಾದ ಎಂಟುನೂರು ವರ್ಷಗಳ ಮೇಲೆ, ೩೮೬ರಲ್ಲಿ, ಇಟಲಿಯಲ್ಲಿ ಅಗಸ್ಟೀನನೆಂಬ ತತ್ತ್ವಜ್ಞಾನಿ ತನ್ನ ಶಿಷ್ಯರೊಡನೆ ಗಹನವಾದ ಚರ್ಚೆಗೆ ಹೊರಟವನು ಬಾಗಿಲ ಬಳಿ ಎರಡು ಹುಂಜಗಳ ಜಗಳ ಕಂಡು ನಿಂತುಬಿಟ್ಟ. ಚಾಚಿದ ಕತ್ತು, ನಿಗುರಿದ ಗರಿ, ರಭಸದ ಪೆಟ್ಟು, ಎಚ್ಚರಿಕೆಯಿಂದ ತಪ್ಪಿಸಿಕೊಳ್ಳುವ ಬಗೆ ಎಲ್ಲವನ್ನೂ ತನ್ನ ಗ್ರಂಥದಲ್ಲಿ ಬರೆದಿಟ್ಟು, ಹುಂಜಗಳೆಲ್ಲ ಹೀಗೇಕೆ ಕಾದಾಡುತ್ತವೆ, ನೋಡುವ ನಮಗೆ ಅದರಲ್ಲಿ ಸಂತೋಷವೇಕೆ ಎಂದು ಕೇಳಿದ. ಮೊದಲ ಪ್ರಶ್ನೆಗೆ ಉತ್ತರ ಸಿಗಲು ಇಪ್ಪತ್ತನೆಯ ಶತಮಾನದವರೆಗೆ ಕಾಯಬೇಕಾಯಿತು. ಅದನ್ನು ಮುಂದೆ ಹೇಳುತ್ತೇನೆ. ಎರಡನೆಯದಕ್ಕೆ ಉತ್ತರ ಇನ್ನೂ ಸಿಕ್ಕಿದ ಹಾಗಿಲ್ಲ.

ನಮ್ಮ ದೇಶದಲ್ಲೇನು ಕಡಿಮೆ ಇರಲಿಲ್ಲ. ಜೀವವಿಲ್ಲದ ದಾಳಗಳಿಂದ ಆಡುವುದು ದ್ಯೂತ, ಜೀವವಿರುವ ಪ್ರಾಣಿಗಳನ್ನು ಪಣಕ್ಕೆ ಕಾದಿಸುವುದು ಸಮಾಹ್ವಯ ಎಂದು ಮನುಸ್ಮೃತಿ ಎರಡನ್ನೂ ಬೇರೆ ಮಾಡಿ ಹೇಳುತ್ತದೆ. ತಮಿಳುನಾಡಿನ ವಿಲ್ಲುಪುರಂ ಜಿಲ್ಲೆಯ ಅರಸಲಾಪುರಂ ಎಂಬಲ್ಲಿ ಒಂದು ಸ್ಮಾರಕ ಶಿಲೆ ಇದೆ. ನಮ್ಮ ಹಳ್ಳಿಗಳ ವೀರಗಲ್ಲುಗಳಲ್ಲಿ ಬಿಲ್ಲು ಹಿಡಿದ ವೀರ ಇರುವಂತೆ ಅದರಲ್ಲಿ ಒಂದು ಹುಂಜವನ್ನು ಕೆತ್ತಿದ್ದಾರೆ. ಐದು ಆರನೆಯ ಶತಮಾನದ ಸುಮಾರಿನ ಆ ಕಲ್ಲು ಕಾಳಗದ ಹುಂಜವೊಂದರ ನೆನಪಿಗೆ ನಿಲ್ಲಿಸಿದ್ದು; ಅದು ಯಾವ ಕೇರಿಯ ಹುಂಜವೆಂಬುದನ್ನೂ ಶಾಸನ ಹೇಳುತ್ತದೆ. ನಮ್ಮ ಕಡೆ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜರ ವಿನೋದಗಳನ್ನು ವರ್ಣಿಸುವಾಗ ಆನೆ, ಕುದುರೆ, ಮಲ್ಲರ ಜೊತೆಗೆ ಕೋಳಿಗಳ ಕಾಳಗಕ್ಕೂ ಸ್ಥಾನ ಕೊಟ್ಟಿದ್ದಾನೆ. ಅರಮನೆಯ ಅಂಗಳದಲ್ಲಿ ಆಡಿದ್ದೇ ಹಳ್ಳಿಯ ಗದ್ದೆಯಲ್ಲೂ ಆಡಿದ್ದು. ತುಳುನಾಡಿನ ಕೋಳಿಅಂಕಕ್ಕೆ ಹೋಗಿ ನೋಡಿದವರಿಗೆ, ಯಾವ ಹೊತ್ತಿಗೆ ಯಾವ ಬಣ್ಣದ ಹುಂಜ ಗೆಲ್ಲುವುದೆಂದು ತಿಳಿಸುವ ಕುಕ್ಕುಟ ಪಂಚಾಂಗದ ಹೆಸರೂ ಗೊತ್ತಿರಬಹುದು. ಸೋತವರು ಪಂಚಾಂಗವನ್ನು ಬೈಯುತ್ತಾರೆಯೇ ಹೊರತು ಪಂಚಾಂಗ ನೋಡುವುದನ್ನು ಬಿಡುವುದಿಲ್ಲ.

ಆದರೆ ಮನುಷ್ಯನಿಗೆ ಹುಂಜದ ಸ್ವಂತ ಮುಳ್ಳು ಸಾಲದೆ ಹೋಯಿತು. ಮುಳ್ಳಿನ ಕಾಳಗ ಬಹಳ ಹೊತ್ತು ನಡೆಯುತ್ತದೆ. ಪಣ ಕಟ್ಟಿದವರಿಗೆ ಅಷ್ಟು ತಾಳ್ಮೆ ಇರುವುದಿಲ್ಲ. ಇಂಗ್ಲೆಂಡಿನಲ್ಲಿ ಮುಳ್ಳನ್ನು ಕತ್ತರಿಸಿ ಅದರ ಮೇಲೆ ಬೆಳ್ಳಿಯದೋ ಉಕ್ಕಿನದೋ ಕೃತಕ ಮುಳ್ಳು ತೊಡಿಸಿದರು. ಫಿಲಿಪ್ಪೀನ್ಸಿನಲ್ಲಿ ತಾರಿ ಎಂಬ ಬಾಗಿದ ಅಲಗು, ತುಳುನಾಡಿನಲ್ಲಿ ಬಾಳು, ಆಂಧ್ರ ತೆಲಂಗಾಣಗಳಲ್ಲಿ ಕತ್ತಿ. ಹೆಸರು ಬೇರೆ, ಕೆಲಸ ಒಂದೇ. ಬ್ರಿಟನ್ನಿನಲ್ಲಿ ೧೮೩೫ರ ಕಾನೂನು ಕೋಳಿಕಾಳಗವನ್ನು ನಿಷೇಧಿಸಿತು. ನಮ್ಮಲ್ಲಿ ೧೯೬೦ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆ ಮನರಂಜನೆಗಾಗಿ ಪ್ರಾಣಿಗಳನ್ನು ಕಾದಾಟಕ್ಕೆ ಹಚ್ಚುವುದನ್ನು ಅಪರಾಧವೆಂದು ಸಾರಿತು. ಆ ಬಳಿಕವೂ ಸಂಕ್ರಾಂತಿ ಬಂದಾಗ ಗೋದಾವರಿ ಸೀಮೆಯಲ್ಲಿ ಏನು ನಡೆಯುತ್ತದೆಂಬುದನ್ನು ಸುದ್ದಿ ಕೇಳುವವರಿಗೆ ಹೇಳಬೇಕಾಗಿಲ್ಲ.

ಅಲಗು ಕಟ್ಟಿದ ಮೇಲೆ ಅದು ಎದುರಿನ ಹುಂಜ ಯಾವುದು, ಧಣಿ ಯಾರು ಎಂದು ವಿಚಾರಿಸುವುದಿಲ್ಲ. ೨೦೧೧ರ ಜನವರಿಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಅಕ್ರಮ ಕಾಳಗವೊಂದರಲ್ಲಿದ್ದ ೩೫ ವರ್ಷದ ಒಬ್ಬಾತನ ಮೀನಖಂಡಕ್ಕೆ ಹುಂಜದ ಕಾಲಿನ ಅಲಗು ತಗುಲಿ ಆತ ಸತ್ತ. ೨೦೨೦ರ ಅಕ್ಟೋಬರಿನಲ್ಲಿ ಫಿಲಿಪ್ಪೀನ್ಸಿನ ಉತ್ತರ ಸಮಾರ್ ಪ್ರಾಂತದಲ್ಲಿ ಇಂಥ ಕಾಳಗವೊಂದರ ಮೇಲೆ ದಾಳಿ ನಡೆಸಿದ ಪೊಲೀಸ್ ಅಧಿಕಾರಿ, ಸಾಕ್ಷ್ಯಕ್ಕೆಂದು ಅಲ್ಲಿದ್ದ ಹುಂಜವನ್ನು ಎತ್ತಿಕೊಂಡರು. ಅದರ ಕಾಲಿಗಿದ್ದ ಅಲಗು ಅವರ ತೊಡೆಯ ದೊಡ್ಡ ಅಪಧಮನಿಯನ್ನು ಕತ್ತರಿಸಿತು. ಆಸ್ಪತ್ರೆಗೆ ಒಯ್ದರೂ ಪ್ರಾಣ ಉಳಿಯಲಿಲ್ಲ. ೨೦೨೧ರ ಫೆಬ್ರವರಿಯಲ್ಲಿ ತೆಲಂಗಾಣದ ಜಗಿತ್ಯಾಲ ಜಿಲ್ಲೆಯ ಒಂದು ಹಳ್ಳಿಯಲ್ಲಿ, ಮೂರಂಗುಲದ ಕತ್ತಿ ಕಟ್ಟಿಸಿಕೊಂಡಿದ್ದ ಹುಂಜ ಕೈಯಿಂದ ತಪ್ಪಿಸಿಕೊಳ್ಳಲು ಕೊಸರಾಡಿದಾಗ ಕತ್ತಿ ಹಿಡಿದಿದ್ದವನ ತೊಡೆಸಂದಿಗೆ ಇಳಿಯಿತು. ದೊಡ್ಡವನೊಬ್ಬನ ಮೈಯಲ್ಲಿರುವುದು ಸುಮಾರು ಐದು ಲೀಟರು ರಕ್ತ. ತೊಡೆಯ ಅಪಧಮನಿ ತೆರೆದರೆ ಅದು ಖಾಲಿಯಾಗಲು ಕೆಲವೇ ನಿಮಿಷ ಸಾಕು. ಹಳ್ಳಿಯಿಂದ ಆಸ್ಪತ್ರೆಗೆ ಅಷ್ಟು ಬೇಗ ತಲುಪುವ ದಾರಿ ಎಲ್ಲಿದೆ? ಆ ಹುಂಜವನ್ನು ಪೊಲೀಸರು ಠಾಣೆಯಲ್ಲಿ ಕಟ್ಟಿಹಾಕಿ ಕಾಳು ಹಾಕಿದ್ದು ದೇಶವಿದೇಶಗಳ ಪತ್ರಿಕೆಗಳಲ್ಲಿ ವಿನೋದದ ಸುದ್ದಿಯಾಯಿತು. ಕೋಳಿಗೆ ಬಂಧನ ಎಂದು ಓದಿದವರೆಲ್ಲ ನಕ್ಕರು. ಸತ್ತವನ ಮನೆಯಲ್ಲಿ ಆ ಸುದ್ದಿಯನ್ನು ಯಾರಾದರೂ ಓದಿ ಹೇಳಿದರೋ ಇಲ್ಲವೋ. ನನ್ನ ಮಟ್ಟಿಗೆ ಹೇಳುವುದಾದರೆ, ಈ ಮೂರನ್ನೂ ಹುಂಜದ ಲೆಕ್ಕಕ್ಕೆ ಬರೆಯುವುದು ಅನ್ಯಾಯ. ಕತ್ತಿ ಕಟ್ಟಿದ್ದು ಹುಂಜವಲ್ಲ.

ಕಣದ ಮಾತು ಇಷ್ಟು ಸಾಕು, ಹಿತ್ತಲಿಗೆ ಹಿಂದಿರುಗೋಣ. ಯಾರೂ ಹಚ್ಚದೆ, ಯಾರೂ ಕತ್ತಿ ಕಟ್ಟದೆ, ಕೈಯಾರೆ ಕಾಳು ಹಾಕುವವರ ಮೇಲೆಯೇ ಹುಂಜ ಏಕೆ ಎರಗುತ್ತದೆ? ಅಗಸ್ಟೀನನ ಮೊದಲ ಪ್ರಶ್ನೆಗೆ ಉತ್ತರ ಕೊಟ್ಟವನು ನಾರ್ವೆ ದೇಶದ ತೋರ್ಲೈಫ್ ಶೆಲ್ಡರುಪ್ ಎಬ್ಬೆ ಎಂಬಾತ. ಬಾಲ್ಯದಿಂದಲೇ ಮನೆಯ ಕೋಳಿಗಳನ್ನು ಗಮನಿಸುತ್ತ, ಯಾವ ಕೋಳಿ ಯಾವುದಕ್ಕೆ ಕುಕ್ಕಿತು ಎಂಬುದನ್ನು ಪುಸ್ತಕದಲ್ಲಿ ಬರೆದಿಡುತ್ತ ಬೆಳೆದವನು ಆತ. ಆಟಿಕೆಯಿಂದ ಆಡುವ ವಯಸ್ಸಿನಲ್ಲಿ ಕೋಳಿಗಳ ಜಮಾಖರ್ಚು ಬರೆಯುವ ಹುಡುಗನನ್ನು ಕಂಡು ಮನೆಯವರು ಏನೆಂದುಕೊಂಡರೋ! ಆ ಲೆಕ್ಕದಿಂದ ಆತ ಕಂಡುಕೊಂಡು ೧೯೨೧-೨೨ರಲ್ಲಿ ಲೋಕಕ್ಕೆ ತಿಳಿಸಿದ್ದು ಇದು: ಕೋಳಿಗಳ ಗುಂಪಿನಲ್ಲಿ ಕುಕ್ಕುವುದಕ್ಕೆ ಒಂದು ಸರದಿ ಉಂಟು. ಮೊದಲನೆಯದು ಎಲ್ಲವನ್ನೂ ಕುಕ್ಕಬಹುದು. ಎರಡನೆಯದು ಮೊದಲನೆಯದನ್ನು ಬಿಟ್ಟು ಉಳಿದವನ್ನು. ಹೀಗೆ ಕೊನೆಯದಕ್ಕೆ ಕುಕ್ಕಿಸಿಕೊಳ್ಳುವುದೊಂದೇ ಪಾಲು. ಈ ಸರದಿ ಒಮ್ಮೆ ನಿಶ್ಚಯವಾದರೆ ಆಮೇಲೆ ದಿನವೂ ಜಗಳವಿಲ್ಲ. ಒಂದು ನೋಟದಲ್ಲಿ ಮುಗಿಯುತ್ತದೆ. ಜಗಳ ಬರುವುದು ಸರದಿ ನಿಶ್ಚಯವಾಗದಿದ್ದಾಗ.

ಈಗ ಹಿತ್ತಲಿಗೆ ಬರುವ ಮನುಷ್ಯನನ್ನು ಹುಂಜದ ಕಣ್ಣಿನಿಂದ ನೋಡಿ. ಅದರ ಹೇಟೆಗಳ ನಡುವೆ ನಡೆದುಬರುತ್ತಾನೆ, ಅವುಗಳನ್ನು ಹಿಡಿಯುತ್ತಾನೆ, ಮೊಟ್ಟೆ ಒಯ್ಯುತ್ತಾನೆ, ಪೊರಕೆ ಬೀಸುತ್ತಾನೆ. ಅವನ ಸರದಿ ಯಾವುದು? ಮನೆಯೊಳಗೆ ಮುದ್ದಿನಿಂದ, ಮಕ್ಕಳ ಮಡಿಲಲ್ಲಿ ಬೆಳೆದ ಮರಿಹುಂಜಕ್ಕಂತೂ ಮನುಷ್ಯನ ಭಯವೇ ಇರುವುದಿಲ್ಲ. ಅದು ನಮ್ಮನ್ನೂ ಒಂದು ಬಗೆಯ ಕೋಳಿ ಎಂದೇ ತಿಳಿದಿರುತ್ತದೆ. ಐದಾರು ತಿಂಗಳು ತುಂಬಿ ಮೈಯಲ್ಲಿ ರಕ್ತ ಏರಿದಾಗ, ನಿನ್ನೆಯವರೆಗೆ ಕೈಯಿಂದ ಅನ್ನ ತಿನ್ನುತ್ತಿದ್ದುದು ಇಂದು ಕಾಲಿಗೆ ಬರುತ್ತದೆ. ಸಾಕಿದ ಕೋಳಿಯೇ ಹೀಗೆ ಮಾಡಿತೆಂದು ಮನೆಯವರು ದುಃಖಪಡುತ್ತಾರೆ. ಸಾಕಿದ್ದರಿಂದಲೇ ಹೀಗೆ ಮಾಡಿತೆಂದರೆ ಹೆಚ್ಚು ಸರಿ. ಕೋಳಿ ಸಾಕಿದ ಮುದುಕಿಯರಿಗೆ ಸೂಚನೆಗಳು ಗೊತ್ತು. ಮೊದಲು ಒಂದು ರೆಕ್ಕೆಯನ್ನು ನೆಲಕ್ಕೆ ಇಳಿಬಿಟ್ಟು, ಕಾಲು ಕೆರೆಯುತ್ತ, ಓರೆಯಾಗಿ ನಿಮ್ಮ ಸುತ್ತ ಬರುತ್ತದೆ. ಕೆಲವರು ಇದನ್ನು ನೃತ್ಯವೆಂದು ತಿಳಿದು ಮಕ್ಕಳನ್ನು ಕರೆದು ತೋರಿಸುತ್ತಾರೆ. ಅದು ನೃತ್ಯವಲ್ಲ, ಸವಾಲು. ಆಮೇಲೆ ಕತ್ತಿನ ಗರಿ ಕೊಡೆಯಂತೆ ಅರಳುತ್ತದೆ. ಅಲ್ಲಿಂದ ಮುಂದೆ ಲೆಕ್ಕ ಕ್ಷಣಗಳದು. ಬೆನ್ನು ತಿರುಗಿಸಿ ಓಡಿದರೆ ಹುಂಜ ಸರದಿ ನಿಶ್ಚಯವಾಯಿತೆಂದು ಭಾವಿಸುತ್ತದೆ. ನಾಳೆ ನಿಮ್ಮನ್ನು ಬಾಗಿಲಲ್ಲೇ ಕಾಯುತ್ತಿರುತ್ತದೆ. ಕಲ್ಲು ದೊಣ್ಣೆ ಎತ್ತಿದರೆ ಅದಕ್ಕೆ ತಕ್ಕ ಎದುರಾಳಿ ಸಿಕ್ಕಂತಾಗುತ್ತದೆ. ಒಂದು ಮೊರವನ್ನೋ ಬುಟ್ಟಿಯನ್ನೋ ಕಾಲಿಗೆ ಅಡ್ಡ ಹಿಡಿದು, ಮುಖ ಅದರ ಕಡೆಗೇ ಇಟ್ಟು, ನಿಧಾನವಾಗಿ ಹಿಂದೆ ಸರಿಯುವುದು ಹಳ್ಳಿಯ ಹೆಂಗಸರ ರೀತಿ. ಅದನ್ನು ಮೀರಿಸುವ ಉಪಾಯ ನನಗೆ ತಿಳಿಯದು.

ಹುಂಜದ ಗಾತ್ರವೂ ಮೊದಲಿನಂತೆ ಉಳಿಯಲಿಲ್ಲ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಚೀನದ ಶಾಂಘಾಯಿಯಿಂದ ಭಾರಿ ಗಾತ್ರದ ಕೋಳಿಗಳು ಹಡಗೇರಿ ಇಂಗ್ಲೆಂಡಿಗೂ ಅಮೆರಿಕಕ್ಕೂ ಹೋದವು. ಜನಕ್ಕೆ ಹುಚ್ಚು ಹಿಡಿಯಿತು. ೧೮೪೯ರ ನವೆಂಬರಿನಲ್ಲಿ ಬಾಸ್ಟನ್ ನಗರದಲ್ಲಿ ಕೋಳಿಗಳ ಪ್ರದರ್ಶನ ನಡೆದಾಗ ನೋಡಲು ಜನಸಾಗರವೇ ಸೇರಿತು. ಈ ಹುಚ್ಚಿನಿಂದ ಹಣ ಮಾಡಿದ ಜಾರ್ಜ್ ಬರ್ನ್‌ಹ್ಯಾಮ್ ಎಂಬ ವ್ಯಾಪಾರಿ ೧೮೫೨ರಲ್ಲಿ ವಿಕ್ಟೋರಿಯ ರಾಣಿಗೇ ಒಂಬತ್ತು ಕೋಳಿಗಳನ್ನು ಕಾಣಿಕೆಯಾಗಿ ಕಳುಹಿಸಿ ತನ್ನ ಸರಕಿನ ಬೆಲೆ ಏರಿಸಿಕೊಂಡ. ಆಮೇಲೆ ೧೮೫೫ರಲ್ಲಿ ತಾನೇ ಈ ‘ಕೋಳಿ ಜ್ವರ’ದ ಇತಿಹಾಸವನ್ನು ಬರೆದು ಕೊಂಡವರನ್ನೆಲ್ಲ ಗೇಲಿ ಮಾಡಿದ. ಆ ಕೋಳಿಗಳ ಒಂದು ತಳಿಗೆ ನಮ್ಮ ಬ್ರಹ್ಮಪುತ್ರ ನದಿಯ ಹೆಸರು ಅಂಟಿಕೊಂಡು, ಬಾಯಿಯಿಂದ ಬಾಯಿಗೆ ಸವೆದು ‘ಬ್ರಹ್ಮ’ ಎಂದು ಉಳಿಯಿತು. ಕಾಲಿನ ತುದಿಯವರೆಗೂ ಗರಿ ತೊಟ್ಟ ಬ್ರಹ್ಮ ಹುಂಜ ಐದು ಕಿಲೋ ಮೀರಿ ತೂಗುತ್ತದೆ, ಎಂದರೆ ಕಾಡಿನ ಅಜ್ಜನ ಐದರಷ್ಟು. ಕೋಳಿಗಳಲ್ಲೆಲ್ಲ ಸಾಧು ಸ್ವಭಾವದ್ದೆಂದು ಅದಕ್ಕೆ ಹೆಸರು.

ಆ ಸಾಧು ತಳಿಯದೇ ಒಂದು ಕೋಳಿ ೨೦೨೨ರ ಏಪ್ರಿಲಿನಲ್ಲಿ ಐರ್ಲೆಂಡಿನ ಗಾಲ್ವೇ ಸೀಮೆಯ ಒಂದು ಮನೆಯಲ್ಲಿ ೬೭ ವರ್ಷದ ಯಜಮಾನನ ಮೇಲೆ ಎರಗಿತು. ಅವರು ಅಡಿಗೆಮನೆಯಲ್ಲಿ ಬಿದ್ದಿದ್ದರು. ಕಾಲಿನ ಹಿಂಭಾಗದಲ್ಲಿ ಗಾಯ, ನೆಲದ ಮೇಲೆ ರಕ್ತ. ಅವರ ಹೃದಯ ಮೊದಲೇ ದುರ್ಬಲವಾಗಿತ್ತು, ಮರಣವಾದದ್ದು ಹೃದಯದ ಬಡಿತ ಕೆಟ್ಟು ಎಂದು ಮರುವರ್ಷ ನಡೆದ ವಿಚಾರಣೆಯಲ್ಲಿ ಹೊರಬಂದಿತು. ಅದೇ ಕೋಳಿ ಅದಕ್ಕೆ ಮೊದಲು ಒಂದು ಮಗುವಿನ ಮೇಲೂ ಎರಗಿತ್ತೆಂಬುದೂ ಅಲ್ಲಿಯೇ ತಿಳಿಯಿತು. ಈ ಕೊನೆಯ ಸಂಗತಿಯೇ ಮನಸ್ಸನ್ನು ಕಾಡುವಂಥದು. ಮೊದಲ ಸಲ ಹುಂಜ ಎರಗಿದಾಗ ನಾವು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೋಳಿ ತಾನೇ ಎನ್ನುತ್ತೇವೆ.

ಮಕ್ಕಳ ಗಾಯದ ಮಾತು ಬಂದುದರಿಂದ ಎರಡು ಸಂಗತಿಗಳನ್ನು ಸ್ಪಷ್ಟವಾಗಿ ಹೇಳಬೇಕು. ಮುಳ್ಳಿನ ಗಾಯ ಹೊರಗೆ ನೋಡಲು ಸಾಸಿವೆ ಕಾಳಿನಷ್ಟು; ಒಳಗೆ ಅಂಗುಲ ಆಳ ಇಳಿದಿರಬಹುದು. ತಲೆಗೆ ಹುಂಜ ಕುಕ್ಕಿದ ಮಗುವೊಂದು ಮಿದುಳಿನೊಳಗೆ ಕೀವುಗಟ್ಟಿ ತೀರಿಕೊಂಡ ಪ್ರಸಂಗವನ್ನು ೧೯೮೭ರಲ್ಲಿ ಮಕ್ಕಳ ಸೋಂಕುರೋಗಗಳ ಒಂದು ಪತ್ರಿಕೆ ಪ್ರಕಟಿಸಿತ್ತು. ಎಳೆಯ ಮಗುವಿನ ತಲೆಯ ಮೂಳೆ ಎಷ್ಟು ತೆಳು ಎಂಬುದನ್ನು ತಾಯಂದಿರಿಗೆ ಹೇಳಬೇಕಾಗಿಲ್ಲ. ಆದ್ದರಿಂದ ತಲೆಗಾಗಲಿ ಕಣ್ಣಿನ ಹತ್ತಿರವಾಗಲಿ ತಗುಲಿದ್ದರೆ, ರಕ್ತ ಬಾರದಿದ್ದರೂ, ಮಗು ಆಡುತ್ತಿದ್ದರೂ, ಅರಿಸಿನ ಹಚ್ಚಿ ಸುಮ್ಮನಾಗದೆ ವೈದ್ಯರಿಗೆ ತೋರಿಸಿ.

ಎರಡನೆಯದು ಧನುರ್ವಾಯು. ಹುಂಜ ದಿನವೆಲ್ಲ ಕೆರೆಯುವುದು ತಿಪ್ಪೆಯನ್ನು. ಅದರ ಮುಳ್ಳಿಗೆ ಮೆತ್ತಿರುವುದು ಅದೇ ಮಣ್ಣು. ಧನುರ್ವಾಯುವಿನ ಬೀಜ ಮಣ್ಣಿನಲ್ಲಿಯೇ ಇದೆ ಎಂದು ೧೮೮೪ರಲ್ಲಿ ಜರ್ಮನಿಯ ನಿಕೊಲಾಯರ್ ತೋರಿಸಿಕೊಟ್ಟ. ಜಪಾನಿನ ಕಿಟಸಾಟೊ ೧೮೮೯ರಲ್ಲಿ ಆ ಕ್ರಿಮಿಯನ್ನು ಬೇರ್ಪಡಿಸಿ ಬೆಳೆಸಿದ. ಗಾಳಿ ಸುಳಿಯದ ಆಳದ ಗಾಯವೇ ಅದಕ್ಕೆ ಹಿತ. ಹುಂಜದ ಮುಳ್ಳು ಮಾಡುವುದು ಅಂಥದೇ ಗಾಯವನ್ನು. ಅದಕ್ಕೆ ಹಿಂದಿನ ಕಾಲದಲ್ಲಿ, ಹುಂಜ ತಿವಿದು ಎಂಟು ಹತ್ತು ದಿನಗಳಾದ ಮೇಲೆ ದವಡೆ ಕಚ್ಚಿಕೊಂಡವನಿಗೂ ಆ ಹುಂಜಕ್ಕೂ ಸಂಬಂಧವಿದೆಯೆಂದು ಯಾರಿಗೆ ಹೊಳೆಯಬೇಕು? ಗ್ರಹಚಾರವೆಂದು ಬಿಟ್ಟಿರುತ್ತಾರೆ. ಗಾಯವನ್ನು ಸಾಬೂನಿನಿಂದ ಚೆನ್ನಾಗಿ ತೊಳೆದು, ಧನುರ್ವಾಯುವಿನ ಚುಚ್ಚುಮದ್ದು ಹಿಂದೆ ಯಾವಾಗ ಆಗಿದೆಯೆಂದು ವೈದ್ಯರಿಗೆ ತಿಳಿಸಿದರೆ ಬೇಕಾದುದನ್ನು ಅವರು ಮಾಡುತ್ತಾರೆ. ಹುಚ್ಚುನಾಯಿಯ ರೋಗದ ಭಯ ಇಲ್ಲಿ ಬೇಡ. ಅದು ಹಾಲೂಡಿಸುವ ಪ್ರಾಣಿಗಳಿಂದ ಬರುವ ರೋಗ, ಕೋಳಿಯಿಂದ ಬರುವುದಿಲ್ಲ.

ಹಾಗಾದರೆ ಹುಂಜವನ್ನು ಏನು ಮಾಡಬೇಕು? ಒಮ್ಮೆ ಎರಗಿದ್ದನ್ನು ಸಾರಿಗೆ ಕಳುಹಿಸುವುದು ಬಹಳ ಮನೆಗಳ ಕ್ರಮ. ಅದರ ಬಗ್ಗೆ ನಾನೇನೂ ಹೇಳುವುದಿಲ್ಲ. ತಿನ್ನದವರು, ಅಥವಾ ಅದರ ಕೂಗಿಗೆ ಒಗ್ಗಿಹೋದವರು, ಚಿಕ್ಕ ಮಕ್ಕಳು ಅಂಗಳಕ್ಕೆ ಇಳಿಯುವ ಹೊತ್ತಿನಲ್ಲಿ ಅದನ್ನು ಬುಟ್ಟಿ ಕವುಚಿಯೋ ಬಲೆಯ ಬೇಲಿಯೊಳಗೋ ಇಡುತ್ತಾರೆ. ಮುಳ್ಳಿನ ತುದಿ ತೆಗೆಯುವುದು ಮತ್ತೊಂದು ದಾರಿ. ಬೇಯಿಸಿದ ಬಿಸಿ ಆಲೂಗೆಡ್ಡೆಯನ್ನು ಮುಳ್ಳಿಗೆ ಚುಚ್ಚಿ, ಹೊದಿಕೆ ಸಡಿಲವಾದ ಮೇಲೆ ತಿರುಗಿಸಿ ಕಿತ್ತುಬಿಡುವ ಒಂದು ಪದ್ಧತಿ ಅಮೆರಿಕದ ಕೋಳಿ ಸಾಕುವವರಲ್ಲಿದೆ. ಕಾಲು ಬೇಯುವುದೂ, ಒಳಗಿನ ಹಸಿ ಮೂಳೆ ಬಯಲಾಗುವುದೂ ಅದರಿಂದಲೇ, ಅದನ್ನು ಅನುಕರಿಸಬೇಡಿ. ಕತ್ತಲಾದ ಮೇಲೆ ಹುಂಜ ಗೂಡಿನಲ್ಲಿ ಕುಳಿತಿರುವಾಗ ಅದಕ್ಕೆ ಕಣ್ಣು ಸರಿಯಾಗಿ ಕಾಣದು, ಜಗಳದ ಮನಸ್ಸೂ ಇರದು. ಒಬ್ಬರು ರೆಕ್ಕೆಗಳನ್ನು ಮೈಗೆ ಒತ್ತಿ ಬಟ್ಟೆಯಲ್ಲಿ ಸುತ್ತಿ ಹಿಡಿದುಕೊಳ್ಳಬೇಕು. ಆಗ ಅದರ ತಲೆಯನ್ನು ನಿಮ್ಮ ಮುಖದಿಂದ ದೂರ ಇಡಿ. ಕೊಕ್ಕಿನ ಭಯವೂ ಉಂಟು, ಕೂಗಿನ ಭಯವೂ ಉಂಟು. ಕೂಗುವ ಹುಂಜದ ಕಿವಿಯ ಬಳಿಯೇ ಅಳೆದು ನೋಡಿದ ಬೆಲ್ಜಿಯಮ್ಮಿನ ವಿದ್ವಾಂಸರಿಗೆ ೧೪೦ ಡೆಸಿಬೆಲ್ ಮೀರಿದ ಸದ್ದು ಸಿಕ್ಕಿತು. ಕೊಕ್ಕು ಪೂರ್ತಿ ತೆರೆದಾಗ ಹುಂಜದ ಕಿವಿಯ ದ್ವಾರ ತಾನಾಗಿ ಮುಚ್ಚಿಕೊಳ್ಳುತ್ತದೆ, ನಮ್ಮದು ಮುಚ್ಚುವುದಿಲ್ಲ. ಇನ್ನೊಬ್ಬರು ದೀಪ ಹಿಡಿದು, ಮುಳ್ಳಿನ ಚೂಪು ತುದಿಯನ್ನಷ್ಟೇ ಸಣ್ಣ ಅರದಿಂದ ಉಜ್ಜಿ ಮೊಂಡು ಮಾಡಬೇಕು. ಬುಡದ ಕಡೆಗೆ ಹೋದರೆ ಒಳಗೆ ಜೀವವಿರುವ ಮೂಳೆ ಇದೆ, ರಕ್ತ ಬರುತ್ತದೆ. ತುದಿಗೆ ನೋವಿಲ್ಲ, ನಾವು ಉಗುರು ತೆಗೆಸಿಕೊಂಡಂತೆ. ಬೆಳಿಗ್ಗೆ ಹುಂಜ ಎಂದಿನಂತೆಯೇ ಕೂಗುತ್ತದೆ. ಮುಳ್ಳು ಮತ್ತೆ ಬೆಳೆಯುತ್ತದೆ. ಆರೆಂಟು ತಿಂಗಳಿಗೊಮ್ಮೆ ದೀಪ ಹಿಡಿದು ಗೂಡಿಗೆ ಹೋಗಬೇಕಾಗುತ್ತದೆ.